ಎಡಗೈ ಕೆತ್ತಿದ ಜೂಲು

ಮುಂಗೋ ಪ್ರಿಂಗಲ್‌ನ ಬಲಗೈ ನಡುಗತೊಡಗಿ ಮೂರು ವರ್ಷವಾಗಿತ್ತು. ಅಂದಿನಿಂದ ಎಡಿನ್‌ಬರೋದ ಟಂಕಸಾಲೆಗೆ ನಾಣ್ಯದ ಅಚ್ಚು ಕೆತ್ತಿಕೊಡುತ್ತಿದ್ದವಳು ಮಗಳು ಈಫಿ. ಇದು ಅವರಿಬ್ಬರನ್ನು ಬಿಟ್ಟು ನರಪಿಳ್ಳೆಗೂ ಗೊತ್ತಿರಲಿಲ್ಲ. ಹೆಂಗಸು ಉಳಿ ಹಿಡಿದಳೆಂದು ತಿಳಿದರೆ ಕೆಲಸವೂ ಹೋಗುತ್ತಿತ್ತು, ಕೆಲಸದ ಜೊತೆ ಕೊಟ್ಟಿದ್ದ ಮನೆಯೂ ಹೋಗುತ್ತಿತ್ತು.

ಅಪ್ಪ ಮಾತ್ರ ಮಹಾ ಸಿಡುಕ. ಏನು ಕೆತ್ತಿದರೂ ಕೊಂಕು ತೆಗೆಯುತ್ತಿದ್ದ. ಕೊಂಬು ಗಿಡ್ಡವಾಯಿತು, ಸರಪಳಿ ತೆಳುವಾಯಿತು, ಇದು ಕುದುರೆಯೋ ಕತ್ತೆಯೋ ಎನ್ನುತ್ತಿದ್ದ. ಈಫಿ ಹಲ್ಲುಕಚ್ಚಿ ಸಹಿಸುತ್ತಿದ್ದಳು.

ಹೊಸ ಚಿನ್ನದ ನಾಣ್ಯದ ಅಚ್ಚು ನೋಡಲು ಟಂಕಸಾಲೆಯ ಅಧಿಕಾರಿ ನಿನಿಯನ್ ಟೇಟ್ ಮನೆಗೇ ಬಂದ. ಅಚ್ಚನ್ನು ಸೀಸದ ಬಿಲ್ಲೆಗೆ ಒತ್ತಿ ಕಿಟಕಿಯ ಬೆಳಕಿಗೆ ಹಿಡಿದ. ಕೊರಳಿಗೆ ಕಿರೀಟ ಸಿಕ್ಕಿಸಿಕೊಂಡ ಒಂಟಿಕೊಂಬಿನ ಕುದುರೆ ಜೂಲು ಕೆದರಿ ನಿಂತಿತ್ತು.

"ಮುಂಗೋ, ಮೂವತ್ತು ವರ್ಷದಲ್ಲಿ ಇಂಥ ಜೂಲು ನೀನು ಕೆತ್ತಿದ್ದಿಲ್ಲ ಕಣಯ್ಯ. ಉಸಿರಾಡ್ತಿದೆ ಇದು."

ಆಮೇಲೆ ಅಚ್ಚನ್ನೇ ಎತ್ತಿ ಗೆರೆಗಳ ಮೇಲೆ ಉಗುರಾಡಿಸಿದ. "ಗೆರೆಯೆಲ್ಲ ಎಡಗಡೆಯಿಂದ ಬಂದಿದೆಯಲ್ಲ. ಎಡಗೈಲಿ ಕೆತ್ತೋದು ಯಾವಾಗ ಕಲಿತೆ?"

ಈಫಿ ಅಪ್ಪನ ಪಕ್ಕದಲ್ಲೇ ನಿಂತಿದ್ದಳು. ಅವಳು ಎಡಚಿ. ಉಳಿಯ ಓಟ ಕೈಯನ್ನು ಹೇಳಿಬಿಡುತ್ತದೆಂಬುದು ಅಪ್ಪ-ಮಗಳಿಬ್ಬರಿಗೂ ಹೊಳೆದಿರಲಿಲ್ಲ. ಹೂಂ ಅನ್ನು ಎಂದು ಅಪ್ಪನಿಗೆ ಕಣ್ಸನ್ನೆ ಮಾಡಿದಳು.

"ನಾನೆಲ್ಲಿ ಕಲಿತೆ? ಅದು ಇವಳ ಕೈ," ಎಂದ ಮುಂಗೋ.

ಟೇಟ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸುಮ್ಮನಿರು ಮಾರಾಯ. ನನಗೇನೂ ಕೇಳಿಸ್ಲಿಲ್ಲ."

"ಕೇಳಿಸ್ಕೋ. ದಫ್ತರದಲ್ಲಿ ಇವಳ ಹೆಸರು ಬರಿ."

"ಬರೆದ್ರೆ ಮನೆ ಬಿಡಬೇಕಾಗುತ್ತೆ."

"ಬಿಡ್ತೀವಿ."

ಈಫಿಗೆ ತಡೆಯಲಾಗಲಿಲ್ಲ. "ಯಾರಪ್ಪ ನಿನ್ನನ್ನ ಕೇಳಿದ್ದು? ಈ ಸೂರಿಗೋಸ್ಕರ ಮೂರು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೆ."

"ನಾನೂ ಹಾಕ್ಕೊಂಡಿದ್ದೆ ಕಣೇ. ನಿನ್ನ ಹೊಗಳಿದ್ರೆ ನನ್ನ ಕೈ ಸತ್ತಿದ್ದನ್ನ ಒಪ್ಕೊಂಡ ಹಾಗಾಗ್ತಿತ್ತು. ಇವತ್ತು ಇವನು ನಿನಗೆ ಸೇರಬೇಕಾದ ಮಾತನ್ನ ನನಗೆ ಹೇಳಿದ್ನಲ್ಲ, ಗಂಟಲಲ್ಲಿ ಇಳೀಲಿಲ್ಲ. ಮೊದಲನೇ ಅಚ್ಚಿಂದ್ಲೂ ನೀನು ನನಗಿಂತ ಚೆನ್ನಾಗಿ ಕೆತ್ತಿದ್ದೀಯ, ಮಗಾ."

ಟೇಟ್ ಜೊತೆಗೆ ತಂದಿದ್ದ ದಫ್ತರ ಬಿಚ್ಚಿ ಲೇಖನಿ ಅದ್ದಿದ. "ಪೂರ್ತಿ ಹೆಸರು ಹೇಳವ್ವಾ."

ಈಫಿಗೆ ಮನೆ ಹೋಯಿತೆಂಬ ಸಂಕಟ ಒಂದು ಕಡೆ, ಹಿಗ್ಗು ಇನ್ನೊಂದು ಕಡೆ.

"ಯೂಫೀಮಿಯಾ ಪ್ರಿಂಗಲ್," ಎಂದು ಮುಂಗೋನೇ ಒಂದೊಂದೇ ಅಕ್ಷರ ಬಿಡಿಸಿ ಬರೆಸಿದ.