ಆಸ್ಪತ್ರೆಯ ಮೂಲೆ

ಒಂದನೇ ತರಗತಿಯ ಟೀಚರಿಗೆ ಆಟದ ಹುಚ್ಚು ಹಿಡಿಸಿದ್ದೇ ಹೆಡ್‌ಮಿಸ್. ಯಾವುದೋ ತರಬೇತಿಗೆ ಹೋಗಿಬಂದವರು ಸ್ಟಾಫ್ ರೂಮಿನಲ್ಲಿ ಟೀ ಲೋಟ ಕೆಳಗಿಟ್ಟು, "ಅಷ್ಟು ಚಿಕ್ಕ ಮಕ್ಕಳನ್ನ ಬೆಂಚಿಗೆ ಅಂಟಿಸಿ ಕೂರಿಸ್ತೀವಲ್ಲ, ನಮಗೆ ಬುದ್ಧಿ ಬೇಡ್ವಾ? ಆಡ್ತಾ ಕಲೀಲಿ ಕಣೇ. ನೀನು ಶುರು ಮಾಡು. ಯಾರಾದ್ರೂ ಕೇಳಿದ್ರೆ ನಾನಿದ್ದೀನಿ" ಎಂದಿದ್ದರು.

ಟೀಚರ್ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳ ಗಲಾಟೆ ತಡೆಯಲಾರದೆ ಅಳುತ್ತ ಕೂತಾಗ ಪಕ್ಕದಲ್ಲಿ ಕೂತು ಧೈರ್ಯ ತುಂಬಿದವರು ಅವರೇ. ಅಕ್ಕ ಹೇಳಿದ ಮೇಲೆ ಇನ್ನೇನು! ಬೆಂಚುಗಳು ಗೋಡೆ ಸೇರಿದವು. ಒಂದು ಮೂಲೆಯಲ್ಲಿ ಖಾಲಿ ಡಬ್ಬಿಗಳ ಅಂಗಡಿ ಎದ್ದಿತು, ಕಿಟಕಿಯ ಕೆಳಗೆ ಆಸ್ಪತ್ರೆ. ಮಕ್ಕಳು ಸುಳ್ಳು ಚಿಲ್ಲರೆಗಾಗಿ ನಿಜವಾಗಿಯೇ ಜಗಳವಾಡುತ್ತ ಕೂಡೋದು ಕಳೆಯೋದು ಕಲಿತರು.

ತರಗತಿಯಲ್ಲಿ ಒಬ್ಬ ಹುಡುಗಿ ಶಾಲೆಗೆ ಸೇರಿದಾಗಿನಿಂದ ತುಟಿ ಬಿಚ್ಚಿರಲಿಲ್ಲ. ಸದಾ ಮುದುರಿ ಕೂರುತ್ತಿದ್ದುದರಿಂದ ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವಳು ಹೊಟ್ಟೆ ಹರಿದ ಬಟ್ಟೆ ಕರಡಿಗೆ ಪಟ್ಟಿ ಸುತ್ತುತ್ತ, "ಅಳಬೇಡ ಮರಿ, ನೋವಾಗಲ್ಲ" ಎಂದಳು. ಟೀಚರ್ ಓಡಿಹೋಗಿ ಅಕ್ಕನನ್ನು ಕರೆತಂದಳು. ಬಾಗಿಲಲ್ಲೇ ನಿಂತು ಅಕ್ಕ ಇವಳ ಕೈ ಗಟ್ಟಿಯಾಗಿ ಹಿಡಿದುಕೊಂಡು, "ನೋಡೇ, ನಾನು ಹೇಳಲಿಲ್ವಾ?" ಎಂದು ಪಿಸುಗುಟ್ಟಿದರು.

ಪೋಷಕರ ಸಭೆಯಲ್ಲಿ ಒಬ್ಬ ವಕೀಲರು ಎದ್ದು ನಿಂತರು. "ಬೇರೆ ಶಾಲೆ ಮಕ್ಕಳು ಪುಟಗಟ್ಟಲೆ ಬರೀತಾವೆ. ನನ್ನ ಮಗ ಮನೆಗೆ ಬಂದು, ಇವತ್ತು ನಾನು ಕಾಂಪೌಂಡರ್ ಆಗಿದ್ದೆ ಅಂತಾನೆ! ಇದಕ್ಕಾ ಶಾಲೆಗೆ ಕಳಿಸೋದು?"

ಎಲ್ಲರೂ ನಕ್ಕರು. ಟೀಚರಿಗೂ ನಗು ಬಂತು. ಅಕ್ಕ ಈಗ ಬಿಡಿಸಿ ಹೇಳುತ್ತಾರೆಂದು ಅವರತ್ತ ತಿರುಗಿದಳು.

ಹೆಡ್‌ಮಿಸ್ ಕನ್ನಡಕ ಸರಿಮಾಡಿಕೊಂಡರು. "ನಾನೂ ಎಷ್ಟೋ ಸಲ ಬುದ್ಧಿ ಹೇಳಿದೆ ಸಾರ್. ಏನು ಟೀಚರ್, ನೀವು ಕೇಳಬೇಕಲ್ಲ? ನಾಳೆಯಿಂದ ಇದ್ಯಾವುದೂ ಇರಲ್ಲ."

ಅದುವರೆಗೆ ಅವರ ಬಾಯಲ್ಲಿ ಇವಳಿಗೆ ನೀವು ಅನ್ನೋ ಮಾತೇ ಬಂದಿರಲಿಲ್ಲ. ತುಂಬಿದ ಸಭೆಯಲ್ಲಿ ಟೀಚರ್ ಒಬ್ಬಳೇ ತಲೆ ತಗ್ಗಿಸಿ ನಿಂತಳು.

ಎಲ್ಲರೂ ಹೋದ ಮೇಲೆ ಕೇಳಿದಳು: "ಅಕ್ಕಾ, ಮಾಡು ಅಂದಿದ್ದು ನೀವಲ್ವಾ?"

"ಸಣ್ಣದಾಗಿ ಮಾಡು ಅಂದೆ. ನೀನು ಊರನ್ನೇ ಕಟ್ಟಿಬಿಟ್ಟೆ. ಆ ವಕೀಲ ಮೇಲಿನವರ ಹತ್ರ ಹೋದ್ರೆ ನನ್ನ ಕುತ್ತಿಗೆಗೆ ಬರತ್ತೆ. ನೀನಾದ್ರೆ ಚಿಕ್ಕವಳು, ತಡ್ಕೋತೀಯ."

ಡಬ್ಬಿ, ತಕ್ಕಡಿ, ಕರಡಿ, ಎಲ್ಲವನ್ನೂ ಟೀಚರೇ ಹೊತ್ತು ಉಗ್ರಾಣಕ್ಕೆ ಹಾಕಿದಳು. ಬೀಗದ ಕೈ ಹೆಡ್‌ಮಿಸ್ ಇಸಕೊಂಡರು.

ಬೆಳಿಗ್ಗೆ ಗುಬ್ಬಿ ನೇರ ಕಿಟಕಿಯ ಹತ್ತಿರ ಹೋಗಿ ನಿಂತಳು.

"ಕರಡಿ ಎಲ್ಲಿ ಮಿಸ್?"

"ವಾಸಿಯಾಯ್ತು ಪುಟ್ಟಿ. ಮನೆಗೆ ಹೋಯ್ತು."

"ಇಲ್ಲ. ಇವತ್ತು ಪಟ್ಟಿ ಬಿಚ್ಚೋಣ ಅಂದಿದ್ರಿ. ನಾನೇ ಬಿಚ್ಚಬೇಕು ಅಂದಿದ್ರಿ."

ಟೀಚರ್ ಮುಟ್ಟಲು ಹೋದರೆ ಹುಡುಗಿ ಭುಜ ಕೊಡವಿಕೊಂಡು ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಆ ಪುಟ್ಟ ಮುಖ ನೋಡಿದಾಗ, ಸಭೆಯಲ್ಲಿ ತನ್ನ ಮುಖ ಹೇಗಿತ್ತೆಂದು ಟೀಚರಿಗೆ ಗೊತ್ತಾಯಿತು.

ವರ್ಷದ ಕೊನೆಗೆ ತರಗತಿಯೆಲ್ಲ ಪುಟಗಟ್ಟಲೆ ಬರೆಯಿತು. ವಕೀಲರು ಬಂದು ಹೊಗಳಿ ಹೋದರು. ಎಲ್ಲರಿಗಿಂತ ದುಂಡಗಿನ ಅಕ್ಷರ ಗುಬ್ಬಿಯದು. ಮಾತು ಮಾತ್ರ ಮತ್ತೆ ಹೊರಡಲಿಲ್ಲ.

ಟೀಚರ್ ವರ್ಗಾವಣೆ ಕೇಳಿ ಅರ್ಜಿ ತಂದು ಮೇಜಿನ ಮೇಲಿಟ್ಟಾಗ ಹೆಡ್‌ಮಿಸ್ ನಿಜವಾಗಿಯೂ ಬೆಚ್ಚಿದರು.

"ನಾನೇನು ಮಾಡಿದೆ ನಿಂಗೆ? ಒಡಹುಟ್ಟಿದವಳ ಥರ ನೋಡ್ಕೊಂಡೆನಲ್ಲೇ!"

"ಸಹಿ ಹಾಕಿ. ಗಂಟೆ ಹೊಡೀತು, ಮಕ್ಕಳು ಕಾಯ್ತಿದಾರೆ."

ಸಹಿ ಹಾಕುವಾಗ ಹೆಡ್‌ಮಿಸ್ ಕಣ್ಣಲ್ಲಿ ನೀರಾಡಿತು. ಟೀಚರ್ ಅದನ್ನು ನೋಡಿದಳು. ನಂಬಬೇಕೋ ಬೇಡವೋ ತಿಳಿಯಲಿಲ್ಲ.