ಕಾರ್ಯದರ್ಶಿಯ ಹೆಂಡತಿ

ಕೀನ್ಯಾದ ಕಿಸುಮು ಊರಿನ ಫೋಟೋ ಕ್ಲಬ್ಬನ್ನು ಕಟ್ಟಿ ಬೆಳೆಸಿದವನು ಅದರ ಕಾರ್ಯದರ್ಶಿ ಒಡೇರಾ. ಶನಿವಾರ ಗ್ರಂಥಾಲಯದ ಹಾಲಿನಲ್ಲಿ ಉಪನ್ಯಾಸ ಏರ್ಪಡಿಸುವವನೂ ಅವನೇ, ಸ್ಪರ್ಧೆಗೆ ನೈರೋಬಿಯಿಂದ ತೀರ್ಪುಗಾರರನ್ನು ಕರೆಸುವವನೂ ಅವನೇ. ಹೆಂಡತಿ ಪೆರೆಸ್ ಅಲ್ಲಿಗೆ ಬರುತ್ತಿದ್ದದ್ದು ಚಹಾದ ಜೊತೆ ಹಂಚಲು ಮಂದಾಜಿ ಎಂಬ ಸಿಹಿ ಬೋಂಡ ಕರಿದು ತರುವುದಕ್ಕೆ. ಸುಮ್ಮನೆ ಕೂತು ಬೇಜಾರಾಗದಿರಲಿ ಎಂದು ಒಡೇರಾ ತನ್ನ ಹಳೆಯ ಕ್ಯಾಮೆರಾ ಕೊಟ್ಟ. ಅದನ್ನು ಹಿಡಿಯುವುದನ್ನೂ ತಾನೇ ಕಲಿಸಿದ.

ವರ್ಷ ತುಂಬುವುದರೊಳಗೆ ಅವಳ ಚಿತ್ರ ಸ್ಪರ್ಧೆಯಲ್ಲಿ ಮೊದಲು ಬಂತು. ಒಮೆನಾ ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿಕೊಂಡು ಬಾಯ್ತುಂಬ ಆಕಳಿಸಿದ ಚಿತ್ರ. ತೀರ್ಪುಗಾರ್ತಿ ಅದರ ಮುಂದೆ ಬಹಳ ಹೊತ್ತು ನಿಂತರು. ಒಡೇರಾನ ಸೂರ್ಯಾಸ್ತದ ಮುಂದೆ ಮಾತ್ರ "ತಪ್ಪು ಹುಡುಕೋಕೆ ಆಗಲ್ಲ" ಎಂದಷ್ಟೇ ಹೇಳಿ ಮುಂದೆ ನಡೆದರು.

"ಗುರುವನ್ನೇ ಮೀರಿಸಿದಳಲ್ಲಪ್ಪಾ ನಿನ್ನ ಹೆಂಡ್ತಿ! ಇನ್ಮೇಲೆ ಮಂದಾಜಿ ನೀನೇ ಕರಿ" ಎಂದು ಕ್ಲಬ್ಬಿನ ಹಿರಿಯ ಒಗೋಲ್ಲಾ ಬೆನ್ನು ತಟ್ಟಿದ. ಎಲ್ಲರೂ ನಕ್ಕರು. ಒಡೇರಾನೂ ಹಲ್ಲು ಬಿಟ್ಟ. ಮನೆಗೆ ಬಂದು ಊಟಕ್ಕೆ ಕೂತವನು ಉಗಾಲಿ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವಳದು ಬರೀ ಅದೃಷ್ಟ ಎಂದುಕೊಂಡ. ಆದರೆ ಆ ಹೆಂಗಸು ಆಕಳಿಸಿದಾಗ ತಾನೂ ಅಲ್ಲೇ ನಿಂತಿದ್ದೆ ಎಂಬುದು ನೆನಪಾಗಿ ಹೊಟ್ಟೆ ಇನ್ನಷ್ಟು ಉರಿಯಿತು.

ಮುಂದಿನ ತಿಂಗಳು ಕ್ಲಬ್ಬಿನವರೆಲ್ಲ ನಸುಕಿಗೇ ಸರೋವರದ ದುಂಗಾ ದಂಡೆಗೆ ಹೋದರು. ಬೆಸ್ತರು ಹಾಡಿಕೊಂಡು ಬಲೆ ಎಳೆಯುತ್ತಿದ್ದರು. ಪೆರೆಸ್ ಗಂಡನ ಬಳಿಗೆ ಓಡಿ ಬಂದಳು.

"ಅಕೆಯೊನ ಅಪ್ಪ, ಇದನ್ನ ಸ್ವಲ್ಪ ನೋಡ್ರೀ. ಎಲ್ಲಾ ಮಸುಕು ಮಸುಕಾಗಿ ಬರ್ತಿದೆ."

ಲೆನ್ಸಿನ ಪಕ್ಕದ ಫೋಕಸ್ ಗುಂಡಿ ಸರಿದಿತ್ತು, ಅಷ್ಟೇ. ಬೆರಳ ತುದಿಯಲ್ಲಿ ಸರಿಮಾಡಬಹುದಿತ್ತು. ಒಡೇರಾ ಅದನ್ನು ನೋಡಿದ.

"ಹಳೇ ಕ್ಯಾಮೆರಾ ಅಲ್ವಾ ಪೆರೆಸ್, ಕೆಟ್ಟುಹೋಗಿದೆ. ಇವತ್ತಿಗೆ ಬಿಟ್ಬಿಡು."

ಅವಳು ಮಗುಚಿದ ದೋಣಿಯೊಂದರ ಮೇಲೆ ಸುಮ್ಮನೆ ಕೂತಳು. ಅವನು ಮನಸಾರೆ ಫೋಟೋ ತೆಗೆದ. ಬಲೆಗಳೆಲ್ಲ ದಡ ಸೇರಿ ಬಿಸಿಲೇರಿದ ಮೇಲೆ ಒಗೋಲ್ಲಾ ಅವಳ ಕ್ಯಾಮೆರಾ ಕೈಗೆತ್ತಿಕೊಂಡ.

"ಅಯ್ಯೋ ಮಗಳೇ, ಈ ಗುಂಡಿ ಸರಿದಿದೆ ಅಷ್ಟೇ! ಗಂಡನಿಗೆ ತೋರಿಸ್ಲಿಲ್ವಾ?"

ಪೆರೆಸ್ ಒಡೇರಾನ ಮುಖ ನೋಡಿದಳು. "ತೋರಿಸಿದೆ ಅಜ್ಜ. ಮಬ್ಬಿತ್ತಲ್ಲ, ಅವರಿಗೆ ಕಾಣಿಸಲಿಲ್ಲ."

ಎಲ್ಲರೆದುರು ಮಾನ ಉಳಿಸಿದಳು. ಅವನಿಗೆ ಸಹಿಸಲಾಗದೆ ಹೋದದ್ದು ಅದೇ. ಮನೆಗೆ ಬಂದ ಮೇಲೆ ತಾನೇ ಬಾಯಿಬಿಟ್ಟ: "ನನಗೆ ಕಾಣಿಸಿತ್ತು."

"ಗೊತ್ತು" ಎಂದಳು ಪೆರೆಸ್, ಮೀನು ತೊಳೆಯುತ್ತ. "ನೀವೇ ಕೊಟ್ಟಿದ್ದನ್ನ ನೀವೇ ಕಿತ್ಕೊಳ್ಳೋಕೆ ನೋಡಿದ್ರಿ. ಫೋಟೋ ತೆಗೀಬೇಡ ಅಂದಿದ್ರೆ ನಾನೂ ಎರಡು ಮಾತಾಡಿ ಜಗಳ ಆಡ್ತಿದ್ದೆ. ಸುಳ್ಳು ಯಾಕೆ ಹೇಳಿದ್ರಿ?"



ಆಮೇಲಿನ ಪ್ರವಾಸಕ್ಕೆ ಎರಡು ದೋಣಿ ಗೊತ್ತುಮಾಡಿದ್ದರು. ಗಂಡನ ಪಕ್ಕದಲ್ಲಿ ಜಾಗವಿದ್ದರೂ ಪೆರೆಸ್ ಒಗೋಲ್ಲಾನ ದೋಣಿ ಹತ್ತಿದಳು. ಅಲ್ಲಿಂದ ನಗು ಕೇಳಿಬರುತ್ತಿತ್ತು. ಒಡೇರಾನ ಕಣ್ಣು ಅವಳನ್ನು ಬಿಟ್ಟು ಅಲುಗಲಿಲ್ಲ. ಅವಳು ಮಾತು ನಿಲ್ಲಿಸಿ ಜೊಂಡಿನ ಕಡೆ ಕ್ಯಾಮೆರಾ ಎತ್ತಿದಳು. ಅವನೂ ದಡಬಡಿಸಿ ತನ್ನ ಕ್ಯಾಮೆರಾವನ್ನು ಅತ್ತಲೇ ತಿರುಗಿಸಿ ಕಣ್ಣಿಟ್ಟ. ಎಷ್ಟು ಹುಡುಕಿದರೂ ಅವನಿಗೆ ಕಂಡದ್ದು ಬರೀ ನೀರು, ಬರೀ ಜೊಂಡು.

ಆಚೆ ದೋಣಿಯಿಂದ ಪೆರೆಸ್ ಕೂಗಿದಳು: "ಸಿಕ್ತು!"