ಒಂದೇ ಸಲದ ಕಿರಣ

ಅಣ್ಣನ ಬೆನ್ನುನೋವು ಕ್ಯಾನ್ಸರ್ ಎಂದು ಗೊತ್ತಾದಾಗ ತಂಗಿ ವಿಕಿರಣ ಭೌತಶಾಸ್ತ್ರದ ಎರಡನೆಯ ವರ್ಷದಲ್ಲಿದ್ದಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು, ಯಾವ ರೋಗಿಗೆ ಎಷ್ಟು ಕಿರಣ, ಯಾವ ಕೋನದಿಂದ ಎಂದು ಲೆಕ್ಕ ಹಾಕುವುದನ್ನು ಕಲಿಯುತ್ತಿದ್ದಳು. ಆ ಓದಿಗೆ ಅವಳನ್ನು ದೂಡಿದವನೇ ಬಸ್ಸು ಓಡಿಸುವ ಅಣ್ಣ. "ನಮ್ಮ ಮನೇಲಿ ಒಬ್ರಾದ್ರೂ ಬಿಳಿ ಕೋಟು ಹಾಕ್ಲಿ. ಡಾಕ್ಟರೋ ಅಲ್ವೋ, ದೂರದಿಂದ ನೋಡೋರಿಗೆ ಏನು ಗೊತ್ತಾಗುತ್ತೆ?" ಎಂದು ನಗುತ್ತಿದ್ದ.

ಈಗ ಅವನೇ ಅವಳ ವಿಭಾಗದ ಬೆಂಚಿನ ಮೇಲೆ ಅಮ್ಮನ ಹೆಗಲಿಗೆ ಒರಗಿ ಕೂತಿದ್ದ.

ಒಳಗೆ ಅವಳಿಗೆ ಈ ಲೆಕ್ಕ ಕಲಿಸುತ್ತಿದ್ದ ಮೇಷ್ಟ್ರು ಅವನ ಸ್ಕ್ಯಾನ್ ತೆರೆದರು. "ನೀನು ಹೊರಗಿರಮ್ಮ, ಇದನ್ನ ನಾನೇ ಮಾಡ್ತೀನಿ" ಎಂದರು. ಅವಳು ಕದಲಲಿಲ್ಲ. ಬೆನ್ನುಮೂಳೆ ಹುಳ ತಿಂದ ಮರದಂತಾಗಿತ್ತು. ಡಾಕ್ಟರು ಬರೆದಿದ್ದು ಒಂದೇ ಸಲದ ಡೋಸ್. ಗುಣವಾಗುವ ಗಡ್ಡೆಗಾದರೆ ವಾರಗಟ್ಟಲೆ, ದಿನವೂ ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ. ಇಂಥ ಕಡೆ ಒಂದೇ ಸಲ ಎಂದರೆ ಅದು ನೋವಿಗಷ್ಟೇ.

"ಸ್ವಲ್ಪ ಜಾಸ್ತಿ ಕೊಟ್ರೆ, ಸರ್?"

"ಬೆನ್ನುಹುರಿ ತಡ್ಕೊಳ್ಳಲ್ಲ. ರೋಗ ಬೇರೆ ಎಲ್ಲಾ ಕಡೆ ಹರಡಿದೆ. ನಿಂಗೆ ಗೊತ್ತಲ್ಲ."

ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಜಗಳವಾದರೂ ಆಡಬಹುದಿತ್ತು.

ಹೊರಗೆ ಬಂದಾಗ ಅಮ್ಮನ ಮುಖ ಅರಳಿತ್ತು. "ಒಂದೇ ಸಲ ಸಾಕಂತೆ ಕಣೇ! ಪಕ್ಕದ ಬೆಂಚಲ್ಲಿರೋ ಆ ಯಮ್ಮ ಪಾಪ, ಒಂದು ತಿಂಗಳಿಂದ ದಿನಾ ಬರ್ತಿದಾರಂತೆ. ನಮ್ದು ಸಣ್ಣದರಲ್ಲೇ ಮುಗೀತು."

ಅವಳು ಅಣ್ಣನ ಪಕ್ಕ ಕೂತಳು. "ಹೂಂನಮ್ಮ. ನೋವು ಕಮ್ಮಿ ಆಗುತ್ತೆ."

ಚಿಕ್ಕಂದಿನಿಂದಲೂ ಅವಳ ಸುಳ್ಳು ಹಿಡಿಯುವುದರಲ್ಲಿ ಅಣ್ಣನದು ಎತ್ತಿದ ಕೈ. ಅಮ್ಮ ನೀರು ತರಲು ಎದ್ದುಹೋದ ಮೇಲೆ ಕೇಳಿದ: "ನೋವು ಮಾತ್ರಾನಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಅಮ್ಮಂಗೆ ಹೇಳ್ಬೇಡ. ಇಷ್ಟು ದಿನದ ಮೇಲೆ ನಗ್ತಿದಾಳೆ."

ಕಿರಣ ಕೊಟ್ಟ ಮೇಲೆ ನೋವು ನಿಜಕ್ಕೂ ಇಳಿಯಿತು. ಮಗಳ ವಿದ್ಯೆಯಿಂದಲೇ ಮಗ ಎದ್ದು ಓಡಾಡುತ್ತಿದ್ದಾನೆಂದು ಅಮ್ಮ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು. ಆದರೆ ಸ್ವಲ್ಪ ದಿನಕ್ಕೆ ಅವನ ಕಾಲುಗಳ ಬಲ ಹೋಯಿತು. "ಇನ್ನೊಂದು ಸಲ ಹಾಕ್ಸೇ, ಮಿಷನ್ನು ನಿಮ್ದೇ ಅಲ್ವಾ" ಎಂದು ಅಮ್ಮ ಗೋಗರೆದಳು. ತಂಗಿ ಮೇಷ್ಟ್ರನ್ನು ಕೇಳಿದಳು, ಡಾಕ್ಟರನ್ನು ಕೇಳಿದಳು. ಇಬ್ಬರೂ ಇಲ್ಲವೆಂದರು. ಅವಳು ಹಾಕಿದ ಲೆಕ್ಕವೂ ಅದನ್ನೇ ಹೇಳಿತ್ತು. ಚಳಿಗಾಲ ಮುಗಿಯುವ ಮೊದಲೇ ಅಣ್ಣ ತೀರಿಕೊಂಡ.

ಅವಳು ಪಾಸಾದಳು, ಅಲ್ಲೇ ಕೆಲಸಕ್ಕೂ ಸೇರಿದಳು. ಅಮ್ಮ ಮಾತ್ರ ಅವಳೊಂದಿಗೆ ಮನಸ್ಸು ಬಿಚ್ಚಿ ಮಾತಾಡುವುದನ್ನೇ ಬಿಟ್ಟಳು. ಕೈಯಲ್ಲಿ ಔಷಧವಿಟ್ಟುಕೊಂಡೂ ಮಗಳು ಕೊಡಲಿಲ್ಲವೆಂಬ ಗಂಟು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು. ಮಗಳು ಒಂದೆರಡು ಸಲ ನಿಜ ಹೇಳಲು ಬಾಯಿ ತೆರೆದಳು. ಅಮ್ಮ ಎದ್ದು ಒಳಗೆ ಹೋದಳು.